ಆಕ್ಸಿಜನ್ ಸೆನ್ಸರ್ ಬದಲಿಸಿದರೂ ಇಂಜಿನ್ ಲೈಟ್ ಮತ್ತೆ ಹತ್ತಿತು, ಯಾಕೆ?

ಪ್ರಶ್ನೆ: ನನ್ನದು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 82,000 ಕಿ.ಮೀ. ಓಡಿದೆ. ಎರಡು ತಿಂಗಳ ಹಿಂದೆ ಮೀಟರಿನಲ್ಲಿ ಹಳದಿ ಇಂಜಿನ್ ಲೈಟ್ ಹತ್ತಿತು. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ನೋಡಿ, ಪಿ0171 ಕೋಡ್ ಬಂದಿದೆ, ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದು ಹೊಸದು ಹಾಕಿದರು. ಲೈಟ್ ಆರಿತು. ಹದಿನೆಂಟು ದಿನಕ್ಕೆ ಅದೇ ಕೋಡ್ ಮತ್ತೆ ಬಂತು. ಈಗ ಸೈಲೆನ್ಸರ್ ಕಡೆ ಇರುವ ಇನ್ನೊಂದು ಸೆನ್ಸರನ್ನೂ ಬದಲಿಸಬೇಕು ಅನ್ನುತ್ತಿದ್ದಾರೆ. ಒಂದು ಇಂಜಿನ್ನಿಗೆ ಎರಡು ಸೆನ್ಸರ್ ಯಾಕೆ? ಅದು ಕೆಟ್ಟಿದೆಯೆಂದು ಗಾಡಿಗೆ ಹೇಗೆ ಗೊತ್ತಾಗುತ್ತದೆ? ಶೇ. 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನಿಂದ ಹೀಗಾಯಿತೇ? ಮೈಲೇಜೂ ಸ್ವಲ್ಪ ಇಳಿದಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಾನೆಟ್ ಒಳಗೆ ಟಿಕ್ ಟಿಕ್ ಅನ್ನುತ್ತದೆ, ಐದು ನಿಮಿಷಕ್ಕೆ ನಿಲ್ಲುತ್ತದೆ. ಅದು ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸದ್ದು, ಬಿಡಿ ಅಂದರು.
— ದಾವಣಗೆರೆಯ ಓದುಗರೊಬ್ಬರು

ಉತ್ತರ: ಎರಡನೇ ಸೆನ್ಸರಿಗೆ ಈಗಲೇ ದುಡ್ಡು ಕೊಡಬೇಡಿ. ಕೊನೆಯ ಸಾಲಿನಲ್ಲಿ ಇದೂ ಒಂದು ಇರಲಿ ಎಂಬಂತೆ ಬರೆದ ಟಿಕ್ ಟಿಕ್ ಇದೆಯಲ್ಲ, ನನ್ನ ಕಣ್ಣು ಮೊದಲು ಹೋದದ್ದು ಅಲ್ಲಿಗೇ. ಅದಕ್ಕೆ ಬರುತ್ತೇನೆ. ಈ ಸೆನ್ಸರ್ ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ ಎಂಬುದು ಮೊದಲು ಗೊತ್ತಾದರೆ ಆ ಸದ್ದಿಗೂ ಈ ಲೈಟಿಗೂ ಇರುವ ನಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಪಿ0171 ಎಂದರೆ ಸೆನ್ಸರ್ ಕೆಟ್ಟಿದೆ ಎಂದಲ್ಲ. ಮಿಶ್ರಣ ಲೀನ್ ಆಗಿದೆ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂದು. ಆ ಸುದ್ದಿ ತಂದದ್ದು ಸೆನ್ಸರ್. ನಿಮ್ಮ ಗ್ಯಾರೇಜಿನವರು ಸುದ್ದಿ ತಂದವನನ್ನೇ ಕೆಲಸದಿಂದ ತೆಗೆದರು. ಹೊಸಬ ಬಂದು ಅದೇ ಸುದ್ದಿ ಹೇಳಿದ. ಸೆನ್ಸರೇ ಹೋಗಿದ್ದರೆ ಸಾಮಾನ್ಯವಾಗಿ ಕೋಡ್ ಬೇರೆ ಇರುತ್ತದೆ. ಇಂಜಿನ್ ಕಡೆಯ ಮುಂದಿನ ಸೆನ್ಸರಿಗೆ ಪಿ0130ರಿಂದ ಪಿ0135ರವರೆಗೆ, ಸೈಲೆನ್ಸರ್ ಕಡೆಯ ಹಿಂದಿನದಕ್ಕೆ ಪಿ0136ರಿಂದ ಪಿ0141ರವರೆಗೆ. ಇವು ಯಾವುದೂ ನಿಮ್ಮ ಗಾಡಿಯಲ್ಲಿ ಬಂದಿಲ್ಲ.

ಬಚ್ಚಲ ಒಲೆಗೆ ಸೌದೆ ಒಟ್ಟಿದವರಿಗೆ ಒಂದು ವಿಷಯ ಗೊತ್ತು. ಒಲೆಯ ಬಾಯಿ ನೋಡದೆ, ಮಾಡಿನ ಮೇಲಿನ ಹೊಗೆ ನೋಡಿಯೇ ‘ಸೌದೆ ತುರುಕಿದ್ದು ಹೆಚ್ಚಾಯ್ತು, ಗಾಳಿ ಆಡ್ತಿಲ್ಲ’ ಎನ್ನಬಹುದು. ಆಕ್ಸಿಜನ್ ಸೆನ್ಸರ್ ಮಾಡುವುದೂ ಅದನ್ನೇ. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ಈ ಲೆಕ್ಕಕ್ಕೆ ಲ್ಯಾಮ್ಡಾ 1 ಎಂದು ಹೆಸರು. ಇಂಜಿನ್ ಓಡುವುದಕ್ಕಷ್ಟೇ ಇಷ್ಟು ಕರಾರುವಾಕ್ಕು ಬೇಕಿಲ್ಲ. ಕಾರ್ಬುರೇಟರ್ ಕಾಲದಲ್ಲಿ ಅಂದಾಜಿನ ಮೇಲೇ ಎಲ್ಲ ನಡೆಯುತ್ತಿತ್ತು. ಹಟ ಹಿಡಿಯುವುದು ಸೈಲೆನ್ಸರ್ ದಾರಿಯಲ್ಲಿ ಕೂತಿರುವ ಕ್ಯಾಟಲಿಟಿಕ್ ಕನ್ವರ್ಟರ್. ಅರೆಬೆಂದ ಪೆಟ್ರೋಲ್ ಮತ್ತು ಕಾರ್ಬನ್ ಮಾನಾಕ್ಸೈಡ್‌ಗೆ ಅದು ಆಮ್ಲಜನಕ ಸೇರಿಸಬೇಕು, ಅದೇ ಹೊತ್ತಿಗೆ ನೈಟ್ರೋಜನ್ ಆಕ್ಸೈಡಿನಿಂದ ಆಮ್ಲಜನಕ ಕಿತ್ತುಕೊಳ್ಳಬೇಕು. ಒಂದೇ ಡಬ್ಬಿಯಲ್ಲಿ ಈ ಎರಡು ಉಲ್ಟಾ ಕೆಲಸ ಒಟ್ಟಿಗೆ ನಡೆಯುವುದು ಮಿಶ್ರಣ 14.7ರ ಆಚೀಚೆ ಕೂದಲೆಳೆಯಷ್ಟು ಅಂತರದಲ್ಲಿದ್ದಾಗ ಮಾತ್ರ. ಅದಕ್ಕಾಗಿಯೇ 1976ರಲ್ಲಿ ಬಾಷ್ ಕಂಪನಿಯ ಲ್ಯಾಮ್ಡಾ ಸೆನ್ಸರ್, ಅಂದರೆ ಇದೇ ಆಕ್ಸಿಜನ್ ಸೆನ್ಸರ್, ಅಮೆರಿಕಕ್ಕೆ ಹೋಗುವ ವೋಲ್ವೊ ಕಾರುಗಳಲ್ಲಿ ಮೊದಲು ಬಂತು. ನಮ್ಮಲ್ಲಿ ದಾರಿ ತೆರೆದದ್ದು 1995ರಲ್ಲಿ, ನಾಲ್ಕು ಮಹಾನಗರಗಳಿಗೆ ಸೀಸರಹಿತ ಪೆಟ್ರೋಲ್ ಬಂದ ಮೇಲೆ. ಸೀಸ ಬೆರೆತ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರನ್ನೂ ಸೆನ್ಸರನ್ನೂ ಒಟ್ಟಿಗೇ ಕೊಲ್ಲುತ್ತದೆ.

ನಿಮ್ಮ ಹಳೆಯ ಸೆನ್ಸರ್ ಗ್ಯಾರೇಜಿನಲ್ಲಿ ಇನ್ನೂ ಬಿದ್ದಿದ್ದರೆ ಕೈಗೆ ತೆಗೆದುಕೊಂಡು ನೋಡಿ. ಸ್ಪಾರ್ಕ್ ಪ್ಲಗ್ಗಿನ ಅಣ್ಣನಂತಿರುತ್ತದೆ, ಮೂತಿಗೆ ತೂತು ತೂತಾದ ಲೋಹದ ಟೊಪ್ಪಿ. ಟೊಪ್ಪಿಯೊಳಗೆ ಜಿರ್ಕೋನಿಯಾ ಎಂಬ ಪಿಂಗಾಣಿಯ ತುಂಡು, ಅದರ ಎರಡೂ ಮೈಗೆ ಪ್ಲಾಟಿನಂ ಲೇಪ. ಹೊರಮೈಗೆ ಇಂಜಿನ್ನಿನ ಹೊಗೆ ತಾಗುತ್ತದೆ, ಒಳಮೈಗೆ ನಾವು ಉಸಿರಾಡುವ ಗಾಳಿ. ತಣ್ಣಗಿದ್ದಾಗ ಈ ಪಿಂಗಾಣಿಯಿಂದ ಏನೂ ಉಪಯೋಗವಿಲ್ಲ. 300–350 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಆಮ್ಲಜನಕದ ಅಯಾನುಗಳು ಅದರ ಮೂಲಕ ಹಾಯತೊಡಗುತ್ತವೆ. ಎರಡೂ ಬದಿಯ ಆಮ್ಲಜನಕದಲ್ಲಿ ಎಷ್ಟು ವ್ಯತ್ಯಾಸವೋ ಅದಕ್ಕೆ ತಕ್ಕ ವೋಲ್ಟೇಜ್ ಹುಟ್ಟುತ್ತದೆ. ಅಂದರೆ ಇದೊಂದು ಪುಟ್ಟ ಬ್ಯಾಟರಿ. ಆ ವೋಲ್ಟೇಜಿನ ಸಮೀಕರಣ ಜರ್ಮನಿಯ ವಾಲ್ಟರ್ ನರ್ನ್‌ಸ್ಟ್ ಅವರದ್ದು. ತಮಾಷೆಯೆಂದರೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅವರು ಮಾಡಿದ ವಿದ್ಯುತ್ ದೀಪದಲ್ಲಿ ಬೆಳಗುತ್ತಿದ್ದದ್ದೂ ಇದೇ ಜಿರ್ಕೋನಿಯಾದ ಕಡ್ಡಿ. ಎರಡನ್ನೂ ಸೇರಿಸಿ ಕಾರಿನ ಪೈಪಿಗೆ ತಿರುಗಿಸಿ ಕೂರಿಸಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು.

ಇಲ್ಲಿ ಅನೇಕರು ಎಡವುವ ಜಾಗವೊಂದಿದೆ. ಹೊಗೆಯಲ್ಲಿ ಆಮ್ಲಜನಕ ಕಡಿಮೆಯಾದಷ್ಟೂ ವೋಲ್ಟೇಜ್ ಏರುತ್ತದೆ. ಮಿಶ್ರಣ ರಿಚ್ ಆಗಿದ್ದರೆ, ಅಂದರೆ ಪೆಟ್ರೋಲ್ ಜಾಸ್ತಿಯಿದ್ದರೆ, 0.8–0.9 ವೋಲ್ಟ್, ಲೀನ್ ಆಗಿದ್ದರೆ 0.1ರ ಆಸುಪಾಸು, ನಡುವಿನ ಗೆರೆ 0.45. ಲ್ಯಾಮ್ಡಾ 1ರ ಹತ್ತಿರ ಈ ಏರಿಳಿತ ಮೆಟ್ಟಿಲಿಳಿದ ಹಾಗಲ್ಲ, ಗೋಡೆಯಿಂದ ಜಿಗಿದ ಹಾಗೆ. ಆದ್ದರಿಂದ ಹಳೆಯ ಮಾದರಿಯ ಸೆನ್ಸರಿಗೆ ‘ಎಷ್ಟು ಲೀನ್’ ಎಂದು ಹೇಳಲು ಬರುವುದಿಲ್ಲ. ‘ಲೀನ್’ ಇಲ್ಲವೇ ‘ರಿಚ್’, ಎರಡೇ ಮಾತು. ಸತ್ತ ಸೆನ್ಸರ್, ಕಾಯದ ಸೆನ್ಸರ್ ಬಹಳ ಸಲ ಕೆಳಗಿನ ವೋಲ್ಟೇಜಿನಲ್ಲೇ ಮಲಗುತ್ತದೆ. ಇಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಎಂ, ಅದನ್ನು ಲೀನ್ ಎಂದು ನಂಬಿ ಪೆಟ್ರೋಲ್ ಸುರಿಯುತ್ತದೆ. ಸೆನ್ಸರ್ ಕೆಟ್ಟರೆ ಮೈಲೇಜ್ ಬೀಳುವುದು ಹೀಗೆ.

ಅಷ್ಟಕ್ಕೂ ಈ ಸೆನ್ಸರಿಗೆ ಪೆಟ್ರೋಲ್ ಕಾಣುವುದೇ ಇಲ್ಲ. ಅದಕ್ಕೆ ಕಾಣುವುದು ಉಳಿದ ಆಮ್ಲಜನಕ ಮಾತ್ರ. ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿದ್ದರೆ ಅಲ್ಲಿ ಪೆಟ್ರೋಲೂ ಉರಿಯುವುದಿಲ್ಲ, ಗಾಳಿಯೂ ಉರಿಯುವುದಿಲ್ಲ, ಎರಡೂ ಹಸಿಹಸಿಯಾಗಿ ಪೈಪಿಗೆ ಬರುತ್ತವೆ. ಮೂಗಿಗೆ ಪೆಟ್ರೋಲ್ ವಾಸನೆ ರಾಚುತ್ತಿರುತ್ತದೆ, ಸೆನ್ಸರ್ ಮಾತ್ರ ‘ಲೀನ್’ ಎನ್ನುತ್ತದೆ. ಅದು ಸುಳ್ಳು ಹೇಳುತ್ತಿಲ್ಲ, ಕಂಡದ್ದನ್ನು ಹೇಳುತ್ತಿದೆ. ಹಾಗೆಯೇ ಸೆನ್ಸರಿಗಿಂತ ಮುಂಚೆ ಎಲ್ಲಾದರೂ ಪೈಪಿನಲ್ಲಿ ಸೀಳಿದ್ದರೆ? ಇಂಜಿನ್ ಹೊಗೆ ನಲ್ಲಿ ನೀರಿನಂತೆ ಒಂದೇ ಸಮ ಬರುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ಎರಡು ಬಡಿತದ ನಡುವೆ ಪೈಪಿನ ಒಳಗಿನ ಒತ್ತಡ ಹೊರಗಿನದಕ್ಕಿಂತ ಕ್ಷಣಕಾಲ ಇಳಿಯುತ್ತದೆ, ಆಗ ಸೀಳಿನಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಮಿಶ್ರಣ ಸರಿಯಾಗಿಯೇ ಇದ್ದರೂ ಸೆನ್ಸರಿಗೆ ಕಾಣುವುದು ಹೆಚ್ಚುವರಿ ಆಮ್ಲಜನಕ.

ಇಸಿಎಂ ಈ ಸುದ್ದಿಯನ್ನು ಏನು ಮಾಡುತ್ತದೆ ಎಂಬುದನ್ನು ಸ್ಕ್ಯಾನರಿನಲ್ಲಿ ಕಣ್ಣಾರೆ ನೋಡಬಹುದು. ಇಂಜಿನ್ ಬಿಸಿಯಾದ ಮೇಲೆ ‘ಕ್ಲೋಸ್ಡ್ ಲೂಪ್’ ಎಂದು ಬರುತ್ತದೆ. ಅಲ್ಲಿಂದ ಸೆನ್ಸರ್ ‘ಲೀನ್’ ಎಂದರೆ ಪೆಟ್ರೋಲ್ ಸ್ವಲ್ಪ ಏರಿಸುತ್ತದೆ, ‘ರಿಚ್’ ಎಂದರೆ ಇಳಿಸುತ್ತದೆ, ಸೆಕೆಂಡಿಗೆ ಒಂದೆರಡು ಸಲ ಈ ಹಗ್ಗಜಗ್ಗಾಟ. ಆ ಕ್ಷಣದ ತಿದ್ದುಪಡಿ ಶಾರ್ಟ್ ಟರ್ಮ್ ಫ್ಯುಯೆಲ್ ಟ್ರಿಮ್, ಅದೇ ಅಭ್ಯಾಸವಾಗಿ ನೆನಪಿನಲ್ಲಿ ಉಳಿದದ್ದು ಲಾಂಗ್ ಟರ್ಮ್ ಟ್ರಿಮ್. ಇವೆರಡರ ಮೊತ್ತ ಸೊನ್ನೆಯ ಆಚೀಚೆ ಶೇ. 10ರೊಳಗಿದ್ದರೆ ಚಿಂತೆಯಿಲ್ಲ. ಏರುತ್ತಾ ಏರುತ್ತಾ ಕಂಪನಿ ಹಾಕಿದ ಮಿತಿ ದಾಟಿದರೆ ‘ಇನ್ನು ನನ್ನ ಕೈಲಾಗದು’ ಎಂದು ಇಸಿಎಂ ಕೈಚೆಲ್ಲುವುದೇ ಪಿ0171. ಕೋಡ್ ಅಳಿಸಿದಾಗ ಈ ನೆನಪೂ ಅಳಿಸುತ್ತದೆ, ಲೆಕ್ಕ ಸೊನ್ನೆಯಿಂದ ಶುರು. ನಿಮ್ಮ ಲೈಟ್ ಹದಿನೆಂಟು ದಿನ ಆರಿದ್ದಕ್ಕೆ ಕಾರಣ ಹೊಸ ಸೆನ್ಸರಲ್ಲ, ಈ ಅಳಿಸಿದ್ದು.

ಇನ್ನು ಹಿಂದಿನ ಸೆನ್ಸರ್. ಅದಕ್ಕೂ ಪಿ0171ಗೂ ಹೆಚ್ಚುಕಡಿಮೆ ಸಂಬಂಧವೇ ಇಲ್ಲ. ಅದು ಕೂತಿರುವುದು ಕನ್ವರ್ಟರ್ ದಾಟಿದ ಮೇಲೆ, ಮುಖ್ಯವಾಗಿ ಕನ್ವರ್ಟರಿನ ಕಾವಲಿಗೆ. ಒಳ್ಳೆಯ ಕನ್ವರ್ಟರಿನಲ್ಲಿ ಸೀರಿಯಂ ಆಕ್ಸೈಡ್ ಇರುತ್ತದೆ. ಗಾಳಿ ಜಾಸ್ತಿಯಾದಾಗ ಆಮ್ಲಜನಕ ಹೀರಿಟ್ಟುಕೊಂಡು, ಕಡಿಮೆಯಾದಾಗ ಬಿಟ್ಟುಕೊಡುತ್ತದೆ. ಮುಂದಿನ ಸೆನ್ಸರ್ ಕುಣಿಯುತ್ತಿದ್ದರೂ ಹಿಂದಿನದು 0.6–0.7 ವೋಲ್ಟಿನಲ್ಲಿ ಮಠದ ಸ್ವಾಮಿಯಂತೆ ನಿಶ್ಚಲವಾಗಿ ಕೂತಿರಬೇಕು. ಅದೂ ಮುಂದಿನದರ ತಾಳಕ್ಕೆ ಕುಣಿಯತೊಡಗಿದರೆ ಕನ್ವರ್ಟರಿನ ಹೀರುವ ಶಕ್ತಿ ಹೋಗಿದೆ ಎಂದರ್ಥ, ಆಗ ಪಿ0420. ಆ ಕೋಡಿಗೂ ಹಿಂದಿನ ಸೆನ್ಸರ್ ಬದಲಿಸುವವರಿದ್ದಾರೆ. ಇನ್ನು ಕೆಲವರು ಸೆನ್ಸರ್ ಕೆಳಗೆ ಉದ್ದನೆಯ ಬುಷ್ ಹಾಕಿ ಅದನ್ನು ಹೊಗೆಯಿಂದ ದೂರ ಎತ್ತಿ ಕೂರಿಸಿ ‘ರಿಪೇರಿ’ ಅನ್ನುತ್ತಾರೆ. ಜ್ವರ ನೋಡುವ ಥರ್ಮಾಮೀಟರನ್ನು ಬಗಲಿಂದ ತೆಗೆದು ಅಂಗಿಯ ಜೇಬಿಗೆ ಹಾಕಿದ ಹಾಗೆ.

ಸೆನ್ಸರ್ ಕೆಟ್ಟಿದೆಯೆಂದು ಗಾಡಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದೀರಿ. ಭಾರತದಲ್ಲಿ ನಿಮ್ಮ ಗಾಡಿಯ ಪೀಳಿಗೆಗೆ, ಅಂದರೆ 2013ರ ಏಪ್ರಿಲ್ ನಂತರದ ಬಿಎಸ್4 ಹೊಗೆ ನಿಯಮದ ಕಾರುಗಳಿಗೆ, ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಒಬಿಡಿ-2 ವ್ಯವಸ್ಥೆ ಕಡ್ಡಾಯ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದು, 2023ರಲ್ಲಿ ಅದರ ಎರಡನೇ ಹಂತದಲ್ಲಿ ಈ ಕಾವಲು ಇನ್ನೂ ಬಿಗಿಯಾಯಿತು. ಈಗ ಬೈಕುಗಳಿಗೂ ಆಕ್ಸಿಜನ್ ಸೆನ್ಸರ್ ಬಂದಿದೆ. ಇಸಿಎಂ ಸೆನ್ಸರನ್ನು ಹಲವು ರೀತಿಯಲ್ಲಿ ಪರೀಕ್ಷಿಸುತ್ತದೆ. ವಯರ್ ತುಂಡಾಗಿದೆಯೇ, ಎಲ್ಲಾದರೂ ತಾಗಿ ಶಾರ್ಟ್ ಆಗಿದೆಯೇ ಎಂಬುದನ್ನು ಸದಾ ನೋಡುತ್ತಿರುತ್ತದೆ. ಸೆನ್ಸರ್ ಬೇಗ ಕಾಯಲಿ ಎಂದು ಒಳಗೆ ಸಣ್ಣ ಹೀಟರ್ ಇದೆ. ಅದು ಎಳೆಯುವ ಕರೆಂಟ್ ಅಳೆದು, ಸರಿಯಿಲ್ಲದಿದ್ದರೆ ಪಿ0135 ಹಾಕುತ್ತದೆ. ಮುಖ್ಯ ಪರೀಕ್ಷೆ ಚುರುಕಿನದ್ದು. ಗಾಡಿ ಒಂದೇ ವೇಗದಲ್ಲಿ ಓಡುವಾಗ ಮಿಶ್ರಣವನ್ನು ಬೇಕೆಂದೇ ರಿಚ್ ಮಾಡಿ, ಲೀನ್ ಮಾಡಿ, ಸೆನ್ಸರ್ ಎಷ್ಟು ಬೇಗ ಓಗೊಡುತ್ತದೆ ಎಂದು ಎಣಿಸುತ್ತದೆ. ವಯಸ್ಸಾದ ಸೆನ್ಸರ್ ಓಗೊಡುತ್ತದೆ, ಆದರೆ ತಡವಾಗಿ; ಅದೇ ಪಿ0133. ಹಿಂದಿನದಕ್ಕೆ ಬೇರೆ ಉಪಾಯ: ಇಳಿಜಾರಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಇಂಜೆಕ್ಟರ್ ಪೂರ್ತಿ ನಿಲ್ಲುತ್ತದೆ, ಪೈಪಿನಲ್ಲಿ ಬರೀ ಗಾಳಿ. ಆಗ ವೋಲ್ಟೇಜ್ ಸೊನ್ನೆಯ ಕಡೆ ಬೀಳಲೇಬೇಕು. ಬೀಳದಿದ್ದರೆ ಸಿಕ್ಕಿಬಿತ್ತು.

ಇಂಥ ತಪ್ಪು ಸಾಮಾನ್ಯವಾಗಿ ಎರಡು ಓಟಗಳಲ್ಲಿ ಸತತವಾಗಿ ಕಂಡರೆ ಮಾತ್ರ ಲೈಟ್ ಹತ್ತುತ್ತದೆ. ಚುರುಕಿನ ಪರೀಕ್ಷೆಗೆ ಇಂಜಿನ್ ಬಿಸಿಯಿರಬೇಕು, ವೇಗ ಸ್ಥಿರವಾಗಿರಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ದಿನವೂ ತೆವಳುವ ಗಾಡಿಗೆ ಈ ಯೋಗ ವಾರಗಟ್ಟಲೆ ಕೂಡಿಬರದೆ ಇರಬಹುದು. ಸ್ಕ್ಯಾನರಿನಲ್ಲಿ ‘ಮಾನಿಟರ್ ನಾಟ್ ರೆಡಿ’ ಎಂದೇ ಇರುತ್ತದೆ. ಲೈಟ್ ಇಲ್ಲ ಎಂದರೆ ಆಗ ಪಾಸಾಗಿದೆ ಎಂದಲ್ಲ, ಪರೀಕ್ಷೆಯೇ ನಡೆದಿಲ್ಲ ಎಂದು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಇದನ್ನೊಮ್ಮೆ ನೋಡುವುದು ಒಳ್ಳೆಯದು. ಮಾರುವ ಬೆಳಿಗ್ಗೆ ಕೋಡ್ ಅಳಿಸಿ ತಂದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಇ20 ವಿಚಾರ. ಅದು ಪೂರ್ತಿ ನಿರಪರಾಧಿಯೂ ಅಲ್ಲ, ಅಪರಾಧಿಯೂ ಅಲ್ಲ. ಎಥೆನಾಲಿನಲ್ಲಿ ಮೊದಲೇ ಆಮ್ಲಜನಕವಿದೆ, ಒಂದು ಕಿಲೊಗೆ 9 ಕಿಲೊ ಗಾಳಿ ಸಾಕು. ಶೇ. 10 ಬೆರೆಸಿದಾಗ 14.7 ಇದ್ದದ್ದು ಸುಮಾರು 14.1 ಆಗುತ್ತದೆ, ಶೇ. 20ಕ್ಕೆ 13.5ರ ಹತ್ತಿರ. ಅಂದರೆ ಇ10ರಿಂದ ಇ20ಗೆ ಬಂದ ಗಾಡಿ ಅಷ್ಟೇ ಗಾಳಿಗೆ ಶೇ. 4–5ರಷ್ಟು ಹೆಚ್ಚು ಇಂಧನ ಹಾಕಬೇಕು. ಸೆನ್ಸರ್ ಅದನ್ನು ಕಂಡುಹಿಡಿಯುತ್ತದೆ, ಟ್ರಿಮ್ ಅಷ್ಟು ಏರುತ್ತದೆ, ಗಾಡಿ ಓಡುತ್ತದೆ. ಅಷ್ಟಕ್ಕೇ ಪಿ0171 ಬರುವುದಿಲ್ಲ. ಆದರೆ ಗಾಡಿಯಲ್ಲಿ ಮೊದಲೇ ಇನ್ನೊಂದು ಸಣ್ಣ ತೊಂದರೆ ಟ್ರಿಮ್ಮನ್ನು ಅಂಚಿನವರೆಗೆ ತಂದಿಟ್ಟಿದ್ದರೆ ಈ ನಾಲ್ಕೈದು ಅಂಕಿ ಅದನ್ನು ಗೆರೆ ದಾಟಿಸಬಹುದು.

ಆ ಇನ್ನೊಂದು ತೊಂದರೆ ಯಾವುದು? ಈಗ ಟಿಕ್ ಟಿಕ್‌ಗೆ ಬರೋಣ. ತಣ್ಣಗಿದ್ದಾಗ ಸದ್ದು, ಬಿಸಿಯಾದ ಮೇಲೆ ಇಲ್ಲ. ಟ್ಯಾಪೆಟ್ಟೂ ಹೀಗೆ ಸದ್ದು ಮಾಡುವುದುಂಟು, ಅಲ್ಲಗಳೆಯುವುದಿಲ್ಲ. ಆದರೆ ಸೆನ್ಸರಿಗಿಂತ ಮುಂಚೆ ಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಇಂಜಿನ್ನಿನಿಂದ ಹೊಗೆ ಹೊರತರುವ ಪೈಪಿನ) ಗ್ಯಾಸ್ಕೆಟ್ ಸೀಳಿದಾಗ ಬರುವ ಸದ್ದೂ ಥೇಟ್ ಹೀಗೆಯೇ. ಲೋಹ ಕಾದು ಹಿಗ್ಗಿ ಸೀಳು ಬಿಗಿಯಾಗುತ್ತಿದ್ದಂತೆ ಕಿವಿಗೆ ಕೇಳುವುದು ನಿಲ್ಲುತ್ತದೆ. ಗಾಳಿ ಎಳೆಯುವುದು ಪೂರ್ತಿ ನಿಲ್ಲಬೇಕೆಂದಿಲ್ಲ. ನನಗೆ ಇದರಲ್ಲಿ ಸ್ವಂತ ಪೆಟ್ಟು ಬಿದ್ದಿದೆ. ಕೆಲಸ ಕಲಿತು ನಾಲ್ಕೈದು ವರ್ಷವಾಗಿತ್ತು, ಹೊಸ ಸ್ಕ್ಯಾನರ್ ಕೈಗೆ ಬಂದ ಅಮಲು. ನಿವೃತ್ತ ಮೇಷ್ಟ್ರೊಬ್ಬರ ಕಾರಿಗೆ ಇದೇ ಕೋಡ್. ಸೆನ್ಸರ್ ಹಾಕಿದೆ. ಮತ್ತೆ ಬಂತು. ಡೂಪ್ಲಿಕೇಟ್ ಮಾಲು ಎಂದು ಅಂಗಡಿಯವನ ಜತೆ ಜಗಳವಾಡಿ ಇನ್ನೊಂದು ಹಾಕಿದೆ. ಅದಕ್ಕೂ ಬಂತು. ಮೂರನೇ ಸಲ ಮೇಷ್ಟ್ರು ಬೆಳಿಗ್ಗೆ ಆರೂವರೆಗೆ ಗಾಡಿ ತಂದು ಬಿಟ್ಟರು. ಶಟರ್ ಎತ್ತಿ ಸ್ಟಾರ್ಟ್ ಮಾಡಿದಾಗ ಸದ್ದು ಕೇಳಿತು; ಅದುವರೆಗೆ ಗಾಡಿ ನನ್ನ ಬಳಿ ಬಂದದ್ದೆಲ್ಲ ಬಿಸಿಯಾಗಿಯೇ. ಹೀಟ್ ಶೀಲ್ಡ್ ಬಿಚ್ಚಿದರೆ ಗ್ಯಾಸ್ಕೆಟ್ ಪಕ್ಕ ಹೆಬ್ಬೆರಳಗಲದ ಮಸಿಯ ಗೆರೆ, ಕಾಡಿಗೆ ತೀಡಿದ ಹಾಗೆ. ಎರಡು ಸೆನ್ಸರಿನ ದುಡ್ಡು ವಾಪಸ್ ಕೊಟ್ಟೆ. ಅಂದಿನಿಂದ ಲೀನ್ ಕೋಡ್ ಬಂದ ಗಾಡಿಯನ್ನು ರಾತ್ರಿ ನಿಲ್ಲಿಸಿಕೊಂಡು ಬೆಳಿಗ್ಗೆ ತಣ್ಣಗೆ ಸ್ಟಾರ್ಟ್ ಮಾಡುವುದು ರೂಢಿ.

ನಿಮ್ಮ ಗಾಡಿಗೂ ಹಾಗೆ ಮಾಡಿಸಿ. ಇಂಜಿನ್ ನಿಲ್ಲಿಸಿ, ತಣ್ಣಗಿರುವಾಗ, ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯಿಯನ್ನು ಸೈಲೆನ್ಸರ್ ತುದಿಗೆ ಬಟ್ಟೆ ಸುತ್ತಿ ಕೂರಿಸಿ, ಮ್ಯಾನಿಫೋಲ್ಡಿನ ಜಾಯಿಂಟುಗಳಿಗೆ ಸೋಪಿನ ನೀರು ಚಿಮುಕಿಸಲಿ. ಸೀಳಿದ್ದ ಕಡೆ ಗುಳ್ಳೆ ಏಳುತ್ತದೆ. ಹೊಸ ಸೆನ್ಸರ್ ಹಾಕಿದ ಜಾಗಕ್ಕೂ ಚಿಮುಕಿಸಲಿ, ಸರಿಯಾಗಿ ಬಿಗಿಯದೆ ಬಿಟ್ಟಿರುವುದೂ ಉಂಟು.

ಅಲ್ಲಿ ಏನೂ ಸಿಗದಿದ್ದರೆ ಟ್ರಿಮ್ ಅಂಕಿಯೇ ದಾರಿ ತೋರಿಸುತ್ತದೆ. ಗಾಳಿಯನ್ನು ಮಾಸ್ ಏರ್ ಫ್ಲೋ ಸೆನ್ಸರಿನಿಂದ ಅಳೆಯುವ ಗಾಡಿಯಲ್ಲಿ ಇನ್‌ಟೇಕ್ ಹೋಸ್ ಸೀಳಿದ್ದರೆ ಐಡಲಿಂಗಿನಲ್ಲಿ ಟ್ರಿಮ್ ಹೆಚ್ಚಿದ್ದು, 2500 ಆರ್‌ಪಿಎಂಗೆ ರೇಸ್ ಮಾಡಿದರೆ ಇಳಿಯುತ್ತದೆ. ನಮ್ಮ ಸಣ್ಣ ಕಾರುಗಳಲ್ಲಿ ಹಲವಕ್ಕೆ ಈ ಸೆನ್ಸರ್ ಇಲ್ಲ, ಗಾಳಿ ಒಳಹೋಗುವ ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡದಿಂದ ಲೆಕ್ಕ ಹಾಕುತ್ತವೆ. ಅವುಗಳಲ್ಲಿ ಹೋಸ್ ಸೀಳಿದರೆ ಲೀನ್ ಆಗುವುದಕ್ಕಿಂತ ಐಡಲಿಂಗ್ ಏರುವುದೇ ಹೆಚ್ಚು. ಆದ್ದರಿಂದ ಇಂಟರ್‌ನೆಟ್ಟಿನಲ್ಲಿ ‘ಪಿ0171 ಎಂದರೆ ವ್ಯಾಕ್ಯೂಮ್ ಲೀಕ್’ ಎಂದು ಓದಿ ಹೋಸುಗಳನ್ನೆಲ್ಲ ಬದಲಿಸಲು ಹೊರಡಬೇಡಿ. ಲೋಡ್ ಹೆಚ್ಚಿದಂತೆ ಟ್ರಿಮ್ ಏರಿದರೆ ಪೆಟ್ರೋಲ್ ಪಂಪಿನ ಒತ್ತಡ, ಫಿಲ್ಟರ್, ಇಂಜೆಕ್ಟರ್ ನೋಡಬೇಕು.

ಸೆನ್ಸರ್ ಬಗ್ಗೆಯೇ ಅನುಮಾನ ಉಳಿದಿದ್ದರೆ ಪರೀಕ್ಷೆ ಹತ್ತು ನಿಮಿಷದ ಕೆಲಸ. ಬಿಸಿ ಇಂಜಿನ್ನನ್ನು 2500 ಆರ್‌ಪಿಎಂನಲ್ಲಿ ಹಿಡಿದರೆ ಮುಂದಿನ ಸೆನ್ಸರ್ ಹತ್ತು ಸೆಕೆಂಡಿನಲ್ಲಿ ಏಳೆಂಟು ಸಲವಾದರೂ 0.45ರ ಗೆರೆ ದಾಟಬೇಕು. ಏರ್ ಫಿಲ್ಟರ್ ಬಾಯಿಗೆ ಕಾರ್ಬುರೇಟರ್ ಕ್ಲೀನರ್ ಒಂದು ಚೂರು ಸ್ಪ್ರೇ ಮಾಡಿದರೆ ತಟ್ಟನೆ 0.8 ಮೇಲೇರಬೇಕು. ಏರಿದರೆ ಸೆನ್ಸರ್ ಜೀವಂತವಾಗಿದೆ. ಒಂದೇ ಎಚ್ಚರಿಕೆ: ಹೊಸ ಗಾಡಿಗಳಲ್ಲಿ ಮುಂದಿನ ಸೆನ್ಸರ್ ವೈಡ್‌ಬ್ಯಾಂಡ್ ಮಾದರಿಯದ್ದಾಗಿರಬಹುದು. ಅದು ಆಮ್ಲಜನಕವನ್ನು ಪಂಪ್ ಮಾಡುವ ಕರೆಂಟ್ ಅಳೆದು ‘ಎಷ್ಟು ಲೀನ್’ ಎಂಬುದನ್ನೂ ಹೇಳಬಲ್ಲದು, ಹೀಗಾಗಿ ಅದರ ರೀಡಿಂಗ್ ಕುಣಿಯುವುದಿಲ್ಲ. ಕುಣಿಯುತ್ತಿಲ್ಲವೆಂದು ಅದನ್ನು ಕಿತ್ತೆಸೆದ ಮೆಕ್ಯಾನಿಕ್‌ಗಳನ್ನು ಕಂಡಿದ್ದೇನೆ.

ಗ್ಯಾಸ್ಕೆಟ್ ಬದಲಿಸುವಾಗ ಸಾಮಾನ್ಯ ಸಿಲಿಕೋನ್ ಅಂಟು ಮೆತ್ತಲು ಬಿಡಬೇಡಿ. ಅದರ ಆವಿ ಸೆನ್ಸರಿನ ಮೂತಿಗೆ ಬಿಳಿ ಪದರ ಕಟ್ಟಿ ಕುರುಡು ಮಾಡುತ್ತದೆ. ಕನೆಕ್ಟರಿಗೆ ಗ್ರೀಸ್ ತುಂಬುವುದೂ ಬೇಡ. ಎಷ್ಟೋ ಸೆನ್ಸರುಗಳು ಒಳಗಿನ ಗಾಳಿಯನ್ನು ಎಳೆದುಕೊಳ್ಳುವುದು ವಯರಿನ ಎಳೆಗಳ ಸಂದಿಯಿಂದಲೇ. ಎಲ್ಲ ಮುಗಿದ ಮೇಲೆ ಕೋಡ್ ಅಳಿಸಿ, ಎನ್‌ಎಚ್ 48ರಲ್ಲಿ ಹರಿಹರ ದಾಟಿ ರಾಣೆಬೆನ್ನೂರಿನವರೆಗೆ ಒಂದೇ ವೇಗದಲ್ಲಿ ಹೋಗಿ ಬನ್ನಿ. ಎರಡು ದಿನ ಬಿಟ್ಟು ಲಾಂಗ್ ಟರ್ಮ್ ಟ್ರಿಮ್ ನೋಡಿಸಿ. ಐದಾರರಲ್ಲಿ ನಿಂತಿದ್ದರೆ ಅದು ಇ20ರ ಪಾಲು, ಹಾಗೇ ಇರಲಿ. ಹದಿನೈದು ದಾಟಿದ್ದರೆ ಆ ಅಂಕಿಗಳನ್ನು, ಐಡಲಿಂಗಿನದ್ದು ಮತ್ತು 2500 ಆರ್‌ಪಿಎಂನದ್ದು ಎರಡನ್ನೂ, ಬರೆದು ಕಳಿಸಿ.